ಒಂದು ನಂದು

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನಮ್ಮ ಬೀದಿಯವರೆಲ್ಲ ಹೇಳುತ್ತಾರೆ. ಹೇಳಲಿ. ಇಪ್ಪತ್ತೆಂಟು ವರ್ಷ ಮರ, ಮೊಳೆ, ಸ್ಕ್ರೂ ಮಾರಿದವಳು ನಾನು. "ಅದೇ ಅಂಗಡಿಯಮ್ಮ, ಇಷ್ಟುದ್ದ ಇರುತ್ತಲ್ಲ, ತುದಿ ಹಿಂಗಿರುತ್ತಲ್ಲ" ಎಂದು ಗಾಳಿಯಲ್ಲಿ ಬೆರಳಾಡಿಸುವ ಗಂಡಸರನ್ನು ದಿನಕ್ಕೆ ಇಪ್ಪತ್ತು ಸಲ ನೋಡಬೇಕಾಗಿ ಬಂದರೆ ದೇವರಿಗೂ ಕೋಪ ಬರುತ್ತದೆ. ಹಾಗೆ ಬೆರಳಾಡಿಸದೆ ಬೇಕಾದ್ದನ್ನು ಚೀಟಿಯಲ್ಲಿ ಬರೆದು ತರುತ್ತಿದ್ದವರು ಒಬ್ಬರೇ, ಜಗಲಿಯಣ್ಣ. ಅವರ ವಿಷಯ ಹೇಳಬೇಕು ಅನ್ನಿಸಿದೆ. ಯಾಕೆಂದರೆ ನಾನು ಜೀವಮಾನದಲ್ಲಿ ಬಾಯಿ ಮುಚ್ಚಿಕೊಂಡು ಮಾಡಿದ ಕೆಲಸ ಒಂದೇ ಒಂದು, ಅದನ್ನು ಮಾಡಿದ್ದು ಅವರಿಗಾಗಿ.

ಜಗಲಿಯಣ್ಣ ಬಡಗಿ. ಆದರೆ ಬಾಗಿಲು, ಮಂಚ, ಕಪಾಟು ಯಾವುದನ್ನೂ ಮುಟ್ಟುತ್ತಿರಲಿಲ್ಲ. ಸೂರಿನ ಕೆಳಗೆ ಕೆಲಸ ಮಾಡಿದರೆ ಉಸಿರು ಕಟ್ಟುತ್ತದಂತೆ. ಹಿತ್ತಲ ಬಾಗಿಲಿನ ಮಟ್ಟಕ್ಕೆ ಮರದ ಜಗಲಿ, ಅದರ ಸುತ್ತ ಕಟಕಟೆ, ಇಳಿಯಲು ಮೆಟ್ಟಿಲು, ಬಳ್ಳಿ ಹಬ್ಬಿಸಲು ಚಪ್ಪರ, ನೆರಳಿಗೆ ಬೆಂಚು, ಹೀಗೆ ಮನೆಯ ಹೊರಗೆ ಕಟ್ಟುವುದು ಮಾತ್ರ ಅವರ ಕೆಲಸ. ಮೆಟ್ಟಿಲು ಕೂರಿಸುವ ಮುಂಚೆ ಆ ಮನೆಯಲ್ಲಿ ಯಾರ ಮಂಡಿ ಎಲ್ಲರಿಗಿಂತ ಹಳೆಯದೋ ಅವರನ್ನು ಕರೆದು ಇಟ್ಟಿಗೆ ಮೇಲೆ ಹತ್ತಿಸಿ ಇಳಿಸಿ, ಅವರು "ಉಸ್" ಅನ್ನದ ಎತ್ತರ ಸಿಗುವ ತನಕ ಇಟ್ಟಿಗೆ ಬದಲಾಯಿಸುತ್ತಿದ್ದರು. ಜಗಲಿ ಮುಗಿದ ದಿನ ಅದರ ನಡುಮಧ್ಯೆ ತುಂಬಿದ ಚಹಾ ಲೋಟ ಇಟ್ಟು ತಂಗಿಯನ್ನು ಸುತ್ತ ನಡೆಸುತ್ತಿದ್ದರು. ಒಂದು ತೊಟ್ಟು ಚೆಲ್ಲಿದರೂ ಮತ್ತೆ ಅಡಿಗೆ ನುಸುಳಿ ಸ್ಕ್ರೂ ಬಿಗಿಯುವುದೇ.

ಆ ತಂಗಿಯೇ ಟೇಪಮ್ಮ. ಹೆಸರು ಬೇರೆ ಇತ್ತು, ಯಾರಿಗೆ ನೆನಪಿದೆ! ಅಳತೆ ಟೇಪಿನ ಆ ತುದಿ ಹಿಡಿಯುವುದು ಅವಳ ಕೆಲಸ. ಅವಳು ಅಣ್ಣನನ್ನು "ಅಣ್ಣಾ" ಎಂದು ಕರೆದೂ ಕರೆದೂ ಇಡೀ ಬೀದಿಗೆ ಅವರು ಅಣ್ಣ ಆಗಿಬಿಟ್ಟರು. ಇಬ್ಬರಿಗೂ ಮದುವೆ ಆಗಿರಲಿಲ್ಲ. ಯಾಕೆ ಎಂದು ನಾನು ಒಮ್ಮೆ ಕೇಳಿದ್ದೆ, ನನ್ನ ಬಾಯಿ ಸುಮ್ಮನಿರಬೇಕಲ್ಲ. "ಪುರುಸೊತ್ತೇ ಆಗ್ಲಿಲ್ಲ ನೋಡಿ" ಎಂದು ಟೇಪಮ್ಮ ನಕ್ಕಿದ್ದಳು.

ಈಗ ಟೇಪಿನ ವಿಷಯ ಸರಿಯಾಗಿ ಕೇಳಿ, ಕಥೆಯೆಲ್ಲ ಅದರಲ್ಲೇ ಇದೆ. ಎಷ್ಟೋ ವರ್ಷದ ಹಿಂದೆ ಅಣ್ಣನ ಗರಗಸದ ಮೆಷಿನ್ನಿಗೆ ಅವರ ಉಕ್ಕಿನ ಟೇಪಿನ ತುದಿ ಸಿಕ್ಕಿ, ಕೊಕ್ಕೆ ಸಮೇತ ಮೊದಲನೇ ಇಂಚು ತುಂಡಾಗಿ ಹಾರಿಹೋಯಿತು. ಅಂದಿನಿಂದ ಆ ಟೇಪು ಸೊನ್ನೆಯಿಂದಲ್ಲ, ಒಂದರಿಂದ ಶುರು. ಅದರಲ್ಲಿ ಅಳೆದರೆ ಇರುವುದಕ್ಕಿಂತ ಒಂದಿಂಚು ಜಾಸ್ತಿ ತೋರಿಸುತ್ತದೆ, ಆ ಒಂದನ್ನು ಕಳೆಯಬೇಕು. ಮರೆಯಬಾರದು ಎಂದು ಅವರಿಬ್ಬರೂ ಒಂದು ಮಾತು ಕಟ್ಟಿಕೊಂಡಿದ್ದರು. ಟೇಪಮ್ಮ ತುದಿಯನ್ನು ಗೋಡೆಗೆ ಒತ್ತಿ ಹಿಡಿದು "ಒಂದು ನಂದು!" ಎಂದು ಕೂಗುತ್ತಿದ್ದಳು. ಅಣ್ಣ ಈ ಕಡೆಯಿಂದ "ಆಯ್ತು, ನಿಂದು" ಎಂದು ಆ ಒಂದನ್ನು ಕಳೆದು ಹಲಗೆಯ ಮೇಲೆ ಪೆನ್ಸಿಲ್ಲಿನಲ್ಲಿ ಬರೆಯುತ್ತಿದ್ದರು. ದಿನಕ್ಕೆ ನೂರು ಸಲ. ಅವರು ಕೆಲಸ ಮಾಡುವ ಬೀದಿಯಲ್ಲಿ ಹಕ್ಕಿ ಕೂಗಿದ ಹಾಗೆ ಅದೇ ಕೇಳಿಸುತ್ತಿತ್ತು.

"ಅಲ್ಲ ಕಣ್ರೇ, ಅಂಗಡಿ ತುಂಬ ಟೇಪ್ ನೇತು ಹಾಕಿದೀನಿ, ಒಂದು ಹೊಸದು ತಗೊಳ್ಳೋಕೇನು ಧಾಡಿ?" ಎಂದು ನಾನು ಎಷ್ಟು ಸಲ ಬೈದಿದ್ದೇನೋ.

"ಒಂದು ನಂದು, ಮಿಕ್ಕಿದ್ದೆಲ್ಲ ಅಣ್ಣಂದು. ಪಾಲಾಗಿ ಹೋಗಿದೆಯಲ್ಲ, ಬಿಡಿ," ಎನ್ನುತ್ತಿದ್ದಳು ಅವಳು.

ಹೀಗಿರುವಾಗ ಮೂರು ಗಂಟೆ ಬಸ್ ದಾರಿಯ ಊರಿನಿಂದ ಗಿಡಗಳ ನರ್ಸರಿ ನಡೆಸುವ ಒಬ್ಬರು ಇವರನ್ನು ಕರೆಸಿ ಬಳ್ಳಿ ಚಪ್ಪರ ಹಾಕಿಸಿದರು. ಹೆಂಡತಿ ತೀರಿಕೊಂಡು ಆರು ವರ್ಷವಾಗಿದ್ದ ಮನುಷ್ಯ. ಚಪ್ಪರ ಆಯಿತು. ಆಮೇಲೆ ಬೆಂಚು ಬೇಕು ಎಂದರು. ಆಮೇಲೆ ಇನ್ನೊಂದು ಬೆಂಚು. ಆಮೇಲೆ ಸಲಕರಣೆ ಇಡಲು ಕೊಠಡಿ, ಕೊಠಡಿಗೆ ಜಗಲಿ, ಜಗಲಿಗೆ ಮತ್ತೆರಡು ಬೆಂಚು. ನರ್ಸರಿಯಲ್ಲಿ ಗಿಡ ಇಡಲು ಜಾಗ ಇಲ್ಲದ ಹಾಗಾಯಿತು. ಇಲ್ಲಿಂದ ಮರ ಕಳಿಸುತ್ತಿದ್ದ ನನಗೆ ಎರಡನೇ ಬೆಂಚಿಗೇ ವಿಷಯ ಅರ್ಥವಾಗಿತ್ತು. ಅಣ್ಣನಿಗೆ ಮಾತ್ರ ಇಲ್ಲ. "ಆ ಮನುಷ್ಯನಿಗೆ ಕೂರೋದಂದ್ರೆ ಭಾಳ ಇಷ್ಟ ಕಾಣುತ್ತೆ" ಎಂದರು ನನ್ನ ಮುಂದೆ. ನಾನು ನಕ್ಕು ನಕ್ಕು ಸುಸ್ತಾದೆ. ಅವರು ಇಂಗು ತಿಂದ ಮಂಗನ ಹಾಗೆ ನಿಂತಿದ್ದರು.

ಐವತ್ತೆರಡನೇ ವಯಸ್ಸಿನಲ್ಲಿ ಟೇಪಮ್ಮ ಆ ನರ್ಸರಿಯವರನ್ನು ರಿಜಿಸ್ಟ್ರಾರ್ ಕಚೇರಿಯಲ್ಲಿ ಸಹಿ ಹಾಕಿ ಮದುವೆಯಾದಳು. ಸಾಕ್ಷಿಗೆ ನಾನೂ ಸಹಿ ಹಾಕಿದೆ. ಬಸ್ಸು ಹತ್ತುವಾಗ ಅವಳು ಅಣ್ಣನ ತೋಳು ಹಿಡಿದು, "ನಿನ್ನ ಕೈ ಕೆಲಸ ನಿಂತ್ರೆ ಮುಚ್ಚಿಡಬೇಡ, ಹೇಳು. ಮರುದಿನವೇ ಬಂದ್ಬಿಡ್ತೀನಿ" ಎಂದಳು. ಹಳೇ ಟೇಪನ್ನು ನೆನಪಿಗೆ ಇರಲಿ ಎಂದು ಪೆಟ್ಟಿಗೆಯಲ್ಲಿ ಹಾಕಿಕೊಂಡಿದ್ದಳು. ಅಣ್ಣನೇ ಕೊಟ್ಟಿದ್ದು. ಒಬ್ಬರೇ ಅಳೆಯಬೇಕಾದರೆ ಕೊಕ್ಕೆ ಬೇಕೇ ಬೇಕು, ಕೊಕ್ಕೆ ಇಲ್ಲದ ಟೇಪು ಇಟ್ಟುಕೊಂಡು ಅವರೇನು ಮಾಡುತ್ತಾರೆ? ಬಸ್ ನಿಲ್ದಾಣದಿಂದ ನೇರ ಅಂಗಡಿಗೆ ಬಂದು ಹೊಸ ಟೇಪು ಕೊಂಡರು. ಕೊಕ್ಕೆಯನ್ನು ಎರಡು ಮೂರು ಸಲ ಉಗುರಲ್ಲಿ ಎಳೆದು ನೋಡಿ, "ಗಟ್ಟಿ ಇದೆ" ಎಂದರು. ಮುಖ ಮಾತ್ರ ನೋಡುವ ಹಾಗಿರಲಿಲ್ಲ.

ಅಲ್ಲಿಂದ ಅವರು ಅಂಗಡಿಗೆ ದಿನಕ್ಕೆ ಮೂರು ಸಲ ಬರತೊಡಗಿದರು. ಒಂದು ಸಲಕ್ಕೆ ಹತ್ತು ಸ್ಕ್ರೂ. "ಡಬ್ಬಿಗಟ್ಟಲೆ ತಗೊಂಡು ಹೋಗೋಕೇನ್ರೀ ಕಷ್ಟ? ನಿಮಗೆ ಹತ್ತತ್ತು ಎಣಿಸಿ ಕೊಡೋಕೆ ನಾನೇನು ಬೀಡಿ ಅಂಗಡಿ ಇಟ್ಟಿದೀನಾ?" ಎಂದು ರೇಗಿದೆ. ಅವರು ಹತ್ತು ಸ್ಕ್ರೂ ಜೇಬಿಗೆ ಹಾಕಿಕೊಂಡು ಬಾಗಿಲಲ್ಲಿ ಒಂದು ನಿಮಿಷ ನಿಂತು ಹೋದರು. ಮರುದಿನ ಮತ್ತೆ ಬಂದರು. ಒಂದು ಸಲ ಬಾಗಿಲ ತಿರುಗಣಿ ಕೊಡಲು ಅವರ ಮನೆಗೆ ಹೋಗಿದ್ದೆ. ಎರಡು ಕೋಣೆಯ ಮನೆ. ಅಡುಗೆಮನೆಯ ಗೂಟದಲ್ಲಿ ಟೇಪಮ್ಮನ ಕೆಲಸದ ಅಂಗಿ ಹಾಗೇ ನೇತಾಡುತ್ತಿತ್ತು, ಜೇಬಿನಲ್ಲಿ ಪೆನ್ಸಿಲ್ ಸಮೇತ. ಒಲೆಯ ಮೇಲೆ ಇಬ್ಬರ ಅಡುಗೆಯ ಪಾತ್ರೆಯಲ್ಲಿ ಒಬ್ಬರಿಗಾಗುವಷ್ಟು ಅನ್ನ ತಳ ಹಿಡಿದಿತ್ತು. ನಾನು ಮನೆಗೆ ಬಂದು ಆ ಸ್ಕ್ರೂ ಮಾತಿಗೆ ನನ್ನನ್ನೇ ಬೈದುಕೊಂಡೆ.

ಈ ನಡುವೆ ಕೆಲಸವೂ ಕೆಡಲು ಶುರುವಾಗಿತ್ತು. ಮೊದಲು ಹಲ್ಲಿನ ಡಾಕ್ಟರ ಮನೆ ಜಗಲಿ. ಹಲಗೆಗಳೆಲ್ಲ ಗೋಡೆಗೆ ಮುಟ್ಟದೆ ಸಂದು ಉಳಿಯಿತು. ಉದ್ದಕ್ಕೆ ಒಂದು ಪಟ್ಟಿ ಹೊಡೆದು ಮುಚ್ಚಿದರು. ಡಾಕ್ಟರಿಗೆ ಅದು ಅಲಂಕಾರ ಎನ್ನಿಸಿತಂತೆ, ಪುಣ್ಯ. ಎರಡನೆಯದು ಮೂಲೆಮನೆಯವರದು. ಅಲ್ಲಿ ಹಲಗೆಯಲ್ಲ, ಅದನ್ನು ಹೊರುವ ತೊಲೆಗಳೇ ಗಿಡ್ಡವಾದವು. ಎಂಟು ತೊಲೆ, ಎಂಟೂ ದಂಡ. ಮತ್ತೆ ಎಂಟು ಕೊಂಡೊಯ್ದರು, ಅವೂ ಗಿಡ್ಡ. ಮೂಲೆಮನೆಯವರು ಬೇರೆ ಬಡಗಿಯನ್ನು ಕರೆಸಿಕೊಂಡರು. ಮೂವತ್ತು ವರ್ಷದಲ್ಲಿ ಜಗಲಿಯಣ್ಣನನ್ನು ಅರ್ಧ ಕೆಲಸದಲ್ಲಿ ಯಾರೂ ಕಳಿಸಿದ್ದಿಲ್ಲ.

ಅವರು ಕಣ್ಣಿನ ಡಾಕ್ಟರ ಹತ್ತಿರ ಹೋದರು. ಕಣ್ಣು ಸರಿ ಇದೆ ಎಂದರು ಡಾಕ್ಟರು. ಆದರೂ ಇರಲಿ ಎಂದು ಒಂದು ಕನ್ನಡಕ ಮಾಡಿಸಿಕೊಂಡರು. ಅಂಗಡಿಯ ಮರದ ರಾಶಿಯ ಮೇಲೆ ಕೂತು ನನ್ನ ಹತ್ತಿರ ಹೇಳಿದರು, "ಬರೆದಿದ್ದು ತೊಂಬತ್ತಾರು. ಕೊಯ್ದಿದ್ದು ತೊಂಬತ್ತಾರು. ಕೊಯ್ದ ಮೇಲೆ ಅಪ್ಪನ ಇಂಚುಕೋಲಲ್ಲಿ ಅಳೆದ್ರೂ ತೊಂಬತ್ತಾರೇ. ಆದ್ರೆ ಅಲ್ಲಿ ಕೂರಲ್ಲ. ತಲೇನೇ ಕೆಡ್ತಾ ಇದೆಯೇನೋ ಅಂಗಡಿಯಮ್ಮ."

"ಟೇಪಮ್ಮನ್ನ ಕರೆಸಿ. ನಾಲ್ಕು ದಿನ ಜೊತೇಲಿರ್ತಾಳೆ," ಎಂದೆ.

ಅವರು ಎದ್ದೇ ನಿಂತರು. "ಬೇಡ! ಅವಳ ಕಿವಿಗೆ ಮಾತ್ರ ಹಾಕ್ಬೇಡಿ, ನಿಮಗೆ ಕೈ ಮುಗೀತೀನಿ. ಗಂಟುಮೂಟೆ ಕಟ್ಕೊಂಡು ಬಂದ್ಬಿಡ್ತಾಳೆ, ಮತ್ತೆ ಹೋಗಲ್ಲ. ಅವಳಿಗೆ ಈಗ ತಾನೇ ತನ್ನದು ಅಂತ ಒಂದು ಮನೆ ಆಗಿದೆ." ಆಮೇಲೆ ದನಿ ಇಳಿಸಿ ಹೇಳಿದರು, "ಇನ್ನೊಂದೇ ಒಂದು ಕೆಲಸ ಒಪ್ಕೊಂಡಿದೀನಿ. ಅದೂ ಕೂರ್ಲಿಲ್ಲ ಅಂದ್ರೆ ಗರಗಸ ಎತ್ತಿಡ್ತೀನಿ. ಎತ್ತಿಟ್ರೆ ಅವಳಿಗೆ ಗೊತ್ತಾಗದೆ ಇರಲ್ಲ."

ಆ ಭಾನುವಾರ ಟೇಪಮ್ಮನೇ ನನಗೆ ಫೋನ್ ಮಾಡಿದಳು. "ಅಣ್ಣ ಚೆನ್ನಾಗಿದೀನಿ ಅಂತಾನೆ. ನೀವು ನಿಜ ಹೇಳಿ." ನಾನು, ಯಾರ ಮುಖ ಮೂತಿ ನೋಡದೆ ಇದ್ದದ್ದು ಇದ್ದ ಹಾಗೆ ಹೇಳುವವಳು, "ಗುಂಡುಕಲ್ಲಿನ ಹಾಗಿದಾರೆ, ಅವರಿಗೇನಾಗಿದೆ ಧಾಡಿ" ಎಂದೆ.

ಆ ಕೊನೆಯ ಕೆಲಸ ಹೊಲಿಗೆ ಕಲಿಸುವ ಟೀಚರಮ್ಮನ ಮನೆಯದು. ಅವರ ತಾಯಿ ಗಾಲಿಕುರ್ಚಿಯಲ್ಲಿ ಇರುವವರು, ಎರಡು ವರ್ಷದಿಂದ ಅಡುಗೆಮನೆ ಬಾಗಿಲಿನಾಚೆ ಬಂದಿರಲಿಲ್ಲ. ಬಾಗಿಲ ಮಟ್ಟಕ್ಕೆ ಜಗಲಿ, ಅಲ್ಲಿಂದ ಅಂಗಳಕ್ಕೆ ಇಳಿಜಾರು ಹಾದಿ, ಇಷ್ಟು ಆಗಬೇಕು. ಒಂದಿಂಚು ಸಂದು ಉಳಿದರೂ ಗಾಲಿ ಸಿಕ್ಕಿಹಾಕಿಕೊಳ್ಳುತ್ತದೆ. ಪಟ್ಟಿ ಹೊಡೆದರೆ ಗಾಲಿ ಎಡವುತ್ತದೆ. ಮುಚ್ಚಿಡುವ ಆಟ ಇಲ್ಲಿ ನಡೆಯುವಂತಿರಲಿಲ್ಲ.

ಕೆಲಸ ಶುರುವಾದ ಎರಡನೇ ದಿನ ಬೆಳಿಗ್ಗೆಯೇ ಅಂಗಡಿಗೆ ಬಂದರು. ಮೊದಲನೇ ತೊಲೆ ಗಿಡ್ಡವಾಗಿತ್ತು. ನನ್ನ ಮುಖ ನೋಡದೆ, "ನಿಮ್ಮ ಮರ ಹಸಿ ಇದೆ. ಕೊಯ್ದ ಮೇಲೆ ಕುಗ್ತಾ ಇದೆ," ಎಂದರು.

ನನ್ನ ಮೈಯೆಲ್ಲ ಉರಿದುಹೋಯಿತು. ನನ್ನ ಮರ! ವರ್ಷಗಟ್ಟಲೆ ನೆರಳಲ್ಲಿ ಒಣಗಿಸಿ ಇಟ್ಟ ಮರ! "ಮರ ಕುಗ್ಗೋದು ಅಗಲಕ್ಕೆ, ಉದ್ದಕ್ಕಲ್ಲ ಅಂತ ನನಗೆ ಕಲಿಸಿದ್ದೇ ನೀವು. ಈಗ ನನ್ನ ಮೇಲೆ ಹಾಕ್ತೀರಾ? ನಡೀರಿ ನೀವು, ಹಿಂದೇನೇ ಬರ್ತೀನಿ. ಒಂದೊಂದು ತೊಲೇನೂ ನಿಮ್ಮ ಕಣ್ಣೆದುರು ಅಳೆದು ತೋರಿಸ್ತೀನಿ," ಎಂದೆ. ಅಂಗಡಿಗೆ ಬೀಗ ಹಾಕಿದೆ. ವ್ಯಾಪಾರದ ದಿನ ಮಧ್ಯದಲ್ಲಿ ನಾನು ಬೀಗ ಹಾಕಿದ್ದು ಅದೇ ಮೊದಲು.

ದಾರಿಯುದ್ದಕ್ಕೂ ಬೈಗುಳ ಜೋಡಿಸಿಕೊಂಡೇ ಹೋದೆ. ಟೀಚರಮ್ಮನ ಮನೆಯ ಪಕ್ಕದ ಓಣಿಯಲ್ಲಿ ಹಿತ್ತಲಿಗೆ ಬಂದರೆ ಅಲ್ಲಿ ಮಾತು ಕೇಳಿಸಿತು. ಯಾರೋ ಜೊತೆಗಿದ್ದಾರೆ ಎಂದುಕೊಂಡು ಮರದ ರಾಶಿಯ ಹಿಂದೆ ನಿಂತೆ. ಯಾರೂ ಇರಲಿಲ್ಲ. ಜಗಲಿಯಣ್ಣ ಗೋಡೆಗೆ ಬಿಗಿದ ತೊಲೆಗೆ ಟೇಪಿನ ಕೊಕ್ಕೆ ಕಚ್ಚಿಸಿದರು. ಟೇಪು ಎಳೆಯುತ್ತ ಈ ತುದಿಗೆ ನಡೆದು ಬಂದರು. ಬಗ್ಗಿದರು. ಆಮೇಲೆ ಆ ಕಡೆ ತಿರುಗಿ ಸ್ವಲ್ಪ ಎತ್ತರದ ದನಿಯಲ್ಲಿ "ಒಂದು ನಂದು" ಎಂದರು. ಒಂದು ಗಳಿಗೆ ಬಿಟ್ಟು ತಮ್ಮ ದನಿಯಲ್ಲಿ "ಆಯ್ತು, ನಿಂದು" ಎಂದರು. ಹಲಗೆಯ ಮೇಲೆ ಬರೆದರು. ಮುಂದಿನ ಜಾಗಕ್ಕೆ ಹೋದರು. ಮತ್ತೆ ಅದೇ. ತಾವು ಮಾತಾಡುತ್ತಿದ್ದೇವೆ ಎಂಬುದೇ ಅವರಿಗೆ ತಿಳಿದಂತಿರಲಿಲ್ಲ.

ಅವರು ಪೆನ್ಸಿಲ್ ಹೆರೆಯಲು ಆ ಮೂಲೆಗೆ ಹೋದಾಗ ನಾನು ಹೋಗಿ ಬಗ್ಗಿ ನೋಡಿದೆ. ಟೇಪು ತೋರಿಸುತ್ತಿದ್ದುದು ತೊಂಬತ್ತೇಳು. ಹಲಗೆಯ ಮೇಲೆ ಬರೆದಿದ್ದು ತೊಂಬತ್ತಾರು. ಟೇಪು ಹೊಸದು, ಸೊನ್ನೆಯಿಂದ ಶುರುವಾಗುವಂಥದ್ದು, ಅದರಲ್ಲಿ ಕಳೆಯಲು ಏನೂ ಇರಲಿಲ್ಲ. ಟೇಪಮ್ಮ ತನ್ನ ಒಂದನ್ನು ತೆಗೆದುಕೊಂಡು ಹೋಗಿ ಏಳು ತಿಂಗಳಾಗಿತ್ತು. ಇವರು ಇನ್ನೂ ಅದನ್ನು ಅವಳಿಗಾಗಿ ಎತ್ತಿಡುತ್ತಿದ್ದರು.

ಒಂದೇ ಮಾತು ಸಾಕಿತ್ತು. "ಕಳೀಬೇಡಿ" ಎಂದಿದ್ದರೆ ಮುಗಿಯುತ್ತಿತ್ತು. ಬಾಯಿ ತೆರೆದೆ ಕೂಡ. ಆದರೆ ಹಾಗೆ ಹೇಳಿದರೆ ಏನಾಗುತ್ತದೆ ಎಂದು ಕಣ್ಣಿಗೆ ಕಟ್ಟಿತು. ನಾಚಿಕೊಳ್ಳುತ್ತಾರೆ. ನಾಳೆಯಿಂದ ತುಟಿ ಬಿಗಿದುಕೊಂಡು ಅಳೆಯುತ್ತಾರೆ. ಜಗಲಿ ಸರಿಯಾಗಿ ಕೂರುತ್ತದೆ. ಬೆಳಿಗ್ಗೆಯಿಂದ ಸಂಜೆಯವರೆಗೆ ಆ ಮನುಷ್ಯ ಒಂದು ಮಾತಿಲ್ಲದೆ ಮರ ಕೊಯ್ಯುತ್ತಾರೆ. ತೆರೆದ ಬಾಯಿ ಮುಚ್ಚಿಕೊಂಡೆ.

"ಅಂಗಡಿಯಮ್ಮ? ಬಂದೇ ಬಿಟ್ರಾ?" ಎಂದರು ತಿರುಗಿ ನೋಡಿ.

"ಆ ಟೇಪ್ ಕೊಡಿ ಇಲ್ಲಿ," ಎಂದು ಗದರಿದೆ. ಗದರದಿದ್ದರೆ ಅತ್ತುಬಿಡುತ್ತಿದ್ದೆ. "ನನ್ನ ಮರಕ್ಕೆ ಏನೂ ಆಗಿಲ್ಲ. ಟೇಪೇ ಕೆಟ್ಟಿದೆ. ಸರಿಮಾಡಿ ತರ್ತೀನಿ. ನಾನು ಬರೋವರೆಗೂ ಗರಗಸ ಮುಟ್ಟಿದ್ರೆ ನೋಡಿ ಮತ್ತೆ. ಬರೆದಿದ್ದನ್ನೆಲ್ಲ ಅಳಿಸಿಹಾಕಿ."

ಅಂಗಡಿಗೆ ಬಂದು ತಗಡು ಕತ್ತರಿ ತೆಗೆದುಕೊಂಡೆ. ಟೇಪಿನ ಮೊದಲನೇ ಇಂಚನ್ನು ಕತ್ತರಿಸಿ ತೆಗೆದೆ. ಒಂದು ಎಂದು ಬರೆದಿರುವ ಗೆರೆಗೆ ತೂತು ಕೊರೆದು ಕೊಕ್ಕೆಯನ್ನು ಅಲ್ಲಿಗೆ ಸೇರಿಸಿ ರಿವೆಟ್ ಮೊಳೆ ಹೊಡೆದೆ. ಎರಡು ರಿವೆಟ್ ಹಾಳಾಗಿ ಮೂರನೆಯದು ನಿಂತಿತು. ಈಗ ಆ ಟೇಪೂ ಒಂದರಿಂದ ಶುರು. ಅವರು ಒಂದು ಕಳೆದರೇ ಅಳತೆ ಸರಿ. ಕೊಯ್ಯಬೇಕಾದ ಮರದ ಮೇಲೆ ಗುರುತು ಹಾಕುವಾಗ ಅವರು ಹೇಗೂ ಟೇಪು ಬಳಸುತ್ತಿರಲಿಲ್ಲ, ಅದಕ್ಕೆ ಇಂಚು ಕೆತ್ತಿದ ಅಪ್ಪನ ಕಾಲದ ಆ ಉದ್ದನೆಯ ಕೋಲಿತ್ತು. ಮೂವತ್ತು ವರ್ಷ ಹಾಗೇ ನಡೆದಿತ್ತು. ಟೇಪನ್ನು ತೆಗೆದುಕೊಂಡು ಹೋಗಿ ಕೈಗಿಟ್ಟು, ಒಂದು ಮಾತೂ ಆಡದೆ ಬಂದುಬಿಟ್ಟೆ.

ಅದಾದ ಮೂರನೇ ದಿನ ಸಂಜೆ ಅವರು ಬಂದು ಬಾಗಿಲಲ್ಲಿ ನಿಂತರು. ಕನ್ನಡಕ ಜೇಬಿನಲ್ಲಿತ್ತು. "ಕೂತ್ಕೊಂತು," ಎಂದರು. "ಎಲ್ಲಾನೂ. ಕೂದಲೆಳೆ ಸಂದಿಲ್ಲ. ಲೋಟ ಇಟ್ಟು ನಾನೇ ನಡೆದು ನೋಡ್ದೆ, ಒಂದು ತೊಟ್ಟು ಚೆಲ್ಲಲಿಲ್ಲ." ಗಾಲಿಕುರ್ಚಿಯ ಅಜ್ಜಿ ಅಂಗಳಕ್ಕೆ ಇಳಿದು, ಒಳಗೆ ಕರೆದರೂ ಹೋಗದೆ ಕತ್ತಲಾಗುವ ತನಕ ಅಲ್ಲೇ ಕೂತಿದ್ದರಂತೆ. ಭಾನುವಾರ ಟೇಪಮ್ಮ ಫೋನ್ ಮಾಡಿದಾಗ "ಕೆಲಸ ಚೆನ್ನಾಗಿ ನಡೀತಿದೆ" ಎಂದೆ. ಈ ಸಲ ಸುಳ್ಳಲ್ಲ. "ಹಾಗಾದ್ರೆ ನಾನು ಇಲ್ಲೇ ನಿಶ್ಚಿಂತೆಯಾಗಿರಬಹುದು ಅನ್ನಿ," ಎಂದಳು. ನಾನು ಹೂಂ ಎಂದೆ.

ತಿಂಗಳಾದ ಮೇಲೆ ಜಗಲಿಯಣ್ಣ, "ನಿಮ್ಮ ಅಂಗಡಿ ಮುಂದೆ ಒಂದು ಬೆಂಚು ಹಾಕಿಕೊಡ್ತೀನಿ. ಸ್ಕ್ರೂಗೆ ಬಂದೋರು ನಿಂತೇ ಇರ್ತಾರೆ ಪಾಪ," ಎಂದರು. ಸ್ಕ್ರೂಗೆ ಬಂದು ನಿಂತೇ ಇರುವವರು ಯಾರು ಎಂದು ಇಬ್ಬರಿಗೂ ಗೊತ್ತಿತ್ತು. ಬೆಂಚು ಬರಬೇಕಾದ್ದು ಎರಡು ಗೋಡೆಗಳ ನಡುವೆ. ಗಾರೆ ಹಾಕಿದ ನುಣುಪು ಗೋಡೆ, ಕೊಕ್ಕೆಗೆ ಕಚ್ಚಲು ಏನೂ ಇಲ್ಲ.

"ಆ ತುದಿ ಸ್ವಲ್ಪ ಹಿಡೀತೀರಾ?" ಎಂದರು.

ಸಾವಿರಾರು ಟೇಪು ಮಾರಿದ್ದೇನೆ, ಇನ್ನೊಬ್ಬರಿಗಾಗಿ ತುದಿ ಹಿಡಿದವಳಲ್ಲ. ಗೋಡೆಗೆ ಒತ್ತಿ ಹಿಡಿದು "ಹಿಡಿದೆ" ಎಂದೆ. ಅವರು ಬರೆಯಲಿಲ್ಲ. ಪೆನ್ಸಿಲ್ ಹಲಗೆಯ ಮೇಲಿಟ್ಟು ಬಗ್ಗಿಕೊಂಡೇ ಇದ್ದರು. ಕಾಯುತ್ತಿದ್ದರು. ಏನು ಹೇಳಲಿ ನಾನು? ಒಂದು ನಂದು ಎಂದರೆ ಸುಳ್ಳಾಗುತ್ತದೆ, ಅದು ನನ್ನದಲ್ಲ. ಸುಮ್ಮನಿದ್ದರೆ ಸಂಜೆಯವರೆಗೂ ಹಾಗೇ ಬಗ್ಗಿರುತ್ತಾರೆ.

"ಒಂದು ಟೇಪಮ್ಮಂದು," ಎಂದೆ.

ಅವರು ತಲೆ ಎತ್ತಲಿಲ್ಲ. ಆಮೇಲೆ "ಆಯ್ತು. ಅವಳ್ದು," ಎಂದು ಬರೆದುಕೊಂಡರು. ಟೇಪನ್ನು ಸುತ್ತಿ, ಕೊಕ್ಕೆಯ ಮೇಲೆ ಹೆಬ್ಬೆರಳು ಆಡಿಸುತ್ತ, "ರಿವೆಟ್ ಸೊಟ್ಟಗೆ ಹೊಡೆದಿದೀರಿ," ಎಂದರು.

"ನಾನು ಮಾರೋಳು, ಹೊಡೆಯೋಳಲ್ಲ," ಎಂದೆ. ಮುಖ ಎಲ್ಲಿಡುವುದೋ ಗೊತ್ತಾಗಲಿಲ್ಲ. "ಯಾವಾಗ ಗೊತ್ತಾಯ್ತು?"

"ನೀವು ಕೊಟ್ಟ ದಿನಾನೇ. ಕೊಕ್ಕೆ ನೋಡ್ದೆ, ನನ್ನ ತಪ್ಪು ಎಲ್ಲಿತ್ತು ಅಂತ ಆಗ್ಲೇ ತಿಳೀತು."

"ಮತ್ತೆ ಒಳ್ಳೇ ಟೇಪ್ ಒಂದು ತಗೊಂಡು ನೆಟ್ಟಗೆ ಅಳೆಯೋದಲ್ವೇನ್ರೀ? ಈ ಹಾಳು ಟೇಪ್ ಯಾಕೆ ಹಿಡ್ಕೊಂಡು ಓಡಾಡ್ತೀರಿ?"

ಅವರು ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡರು. "ಇಡೀ ದಿನದಲ್ಲಿ ನಾನು ಬಾಯಿ ಬಿಟ್ಟು ಆಡೋ ಮಾತು ಅದೊಂದೇ, ಅಂಗಡಿಯಮ್ಮ," ಎಂದರು.

ಬೆಂಚಿನ ಎತ್ತರ ಅಳೆಯುವುದು ಇನ್ನೂ ಬಾಕಿ ಇತ್ತು. ಅವರ ಕೈಯಿಂದ ಟೇಪಿನ ತುದಿ ತೆಗೆದುಕೊಂಡು ನೆಲಕ್ಕೆ ಒತ್ತಿ ಹಿಡಿದೆ.